ಗ್ರಹ ನೋಡುವವರಿಗೆ ಆರಿಂಚಿನ ಟೆಲಿಸ್ಕೋಪು: ದುರ್ಗ–ದಾವಣಗೆರೆಯ ಮಾಳಿಗೆಯ ಮೇಲೆ ಹೆರಿಟೇಜ್ 150ಪಿ

ಗುರುವಿನ ಪಟ್ಟೆ, ಶನಿಯ ಬಳೆ, ಚಂದ್ರನ ಕುಳಿಗಳನ್ನು ಬಿಡದೆ ನೋಡಿ ಬರೆದಿಡಬೇಕೆನ್ನುವವರು, ಮುಂದೆ ಗ್ರಹವಿಜ್ಞಾನವನ್ನೇ ಓದುತ್ತೇನೆಂದು ಹಟ ಹಿಡಿದ ಮಕ್ಕಳಿರುವ ಮನೆಯವರು ಸ್ಕೈವಾಚರ್ ಕಂಪನಿಯ ಹೆರಿಟೇಜ್ 150ಪಿ ಟೆಲಿಸ್ಕೋಪನ್ನು ಧೈರ್ಯವಾಗಿ ಕೊಳ್ಳಬಹುದು. ಇದರ ಕನ್ನಡಿ ಚೆನ್ನಾಗಿದೆ. ಕನ್ನಡಿಯ ಸುತ್ತ ಇರುವ ಸಾಮಾನಿಗೆ ನಾಲ್ಕೈದು ಕಡೆ ಕೈ ಹಾಕಬೇಕು. ಆ ಕೆಲಸ ಮಾಡಿಕೊಳ್ಳದವರು ‘ಗುರು ಬರೀ ಬಿಳಿ ಉಂಡೆ, ಒಳಗೇನೂ ಕಾಣಲ್ಲ’ ಎಂದು ಒಂದೇ ತಿಂಗಳಿಗೆ ಅದನ್ನು ಅಟ್ಟಕ್ಕೆ ಹಾಕುತ್ತಾರೆ. ಹಾಗಾಗಿ ಇಲ್ಲಿ ಹೆಚ್ಚು ಜಾಗ ಆ ಕೆಲಸಗಳಿಗೇ.

ಪೆಟ್ಟಿಗೆಯಲ್ಲಿ ಸಿಗುವುದು ಇಷ್ಟು: 150 ಮಿ.ಮೀ. (ಆರಿಂಚು) ಅಗಲದ ಪ್ಯಾರಾಬೋಲಾ ಕನ್ನಡಿ, ಎರಡು ಸರಳುಗಳ ಮೇಲೆ ಮೇಲಕ್ಕೆಳೆದು ಉದ್ದ ಮಾಡುವ ಕೊಳವೆ, ಒಂಟಿ ತೋಳಿನ ಪೀಠ, ಗುರಿ ಹಿಡಿಯಲು ಕೆಂಪು ಚುಕ್ಕೆಯ ಫೈಂಡರ್, 25 ಮತ್ತು 10 ಮಿ.ಮೀ.ನ ಎರಡು ಐಪೀಸು (ಕಣ್ಣಿಟ್ಟು ನೋಡುವ ಮಸೂರ). ಎಲ್ಲ ಸೇರಿ ಸುಮಾರು ಏಳೂವರೆ ಕೆ.ಜಿ. ಫೋಕಲ್ ಲೆಂತ್ (ಕನ್ನಡಿಯಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ) 750 ಮಿ.ಮೀ., ಅಂದರೆ ಕನ್ನಡಿಯ ಅಗಲದ ಐದು ಪಟ್ಟು, ಎಫ್ 5. ಈ 750ನ್ನು ಐಪೀಸಿನ ಮಿಲಿಮೀಟರಿನಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎನ್ನುವುದು ಗೊತ್ತಾಗುತ್ತದೆ: 25ರಲ್ಲಿ 30 ಪಟ್ಟು, 10ರಲ್ಲಿ 75 ಪಟ್ಟು. ಪಟ್ಟು ಹೆಚ್ಚಿಸುವುದು ಸುಲಭ, ವಿವರ ಹೆಚ್ಚಿಸುವುದು ಕನ್ನಡಿಯ ಅಗಲ ಮಾತ್ರ. 150 ಮಿ.ಮೀ. ಕನ್ನಡಿ ಸುಮಾರು 0.77 ಆರ್ಕ್‌ಸೆಕೆಂಡಿನಷ್ಟು ಹತ್ತಿರದ ಎರಡು ಚುಕ್ಕೆಗಳನ್ನು ಬೇರೆ ಮಾಡಿ ತೋರಿಸುತ್ತದೆ. 70 ಮಿ.ಮೀ. ಮಸೂರಕ್ಕೆ ಅದು 1.65. ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3600ನೇ ಒಂದು ಪಾಲು, ಸಂಖ್ಯೆ ಚಿಕ್ಕದಾದಷ್ಟೂ ವಿವರ ಹೆಚ್ಚು. ಪೆಟ್ಟಿಗೆಯ ಮೇಲೆ ‘525 ಪಟ್ಟು’, ‘675 ಪಟ್ಟು’ ಎಂದು ಅಚ್ಚು ಹಾಕಿದ ಸಣ್ಣ ಟೆಲಿಸ್ಕೋಪುಗಳು ಈ ಲೆಕ್ಕವನ್ನು ಮುಚ್ಚಿಡುತ್ತವೆ.

ಗ್ರಹ ನೋಡಲು ನಮ್ಮ ಸೀಮೆ ಎಷ್ಟು ಒಳ್ಳೆಯದೆಂದು ಇಲ್ಲಿನವರಿಗೇ ಅಂದಾಜಿಲ್ಲ. ಚಿತ್ರದುರ್ಗ 14.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ದಾವಣಗೆರೆ 14.5ರಲ್ಲಿ. ಗ್ರಹಗಳು ಸೂರ್ಯನ ದಾರಿಯ ಆಸುಪಾಸಿನಲ್ಲೇ ಓಡಾಡುವುದರಿಂದ, ದಕ್ಷಿಣದ ಕೊನೆಯ ರಾಶಿಗಳಲ್ಲಿದ್ದರೂ ಇಲ್ಲಿ ಸುಮಾರು 50 ಡಿಗ್ರಿ ಎತ್ತರಕ್ಕೆ ಬಂದೇ ನಡುಬಾನನ್ನು ದಾಟುತ್ತವೆ. ಅದೇ ಗ್ರಹ ಲಂಡನ್ನಿನವರಿಗೆ ಅಂದು 15 ಡಿಗ್ರಿಗೂ ಏರಲು ಒದ್ದಾಡುತ್ತದೆ, ನಮಗಿಂತ ಸುಮಾರು ಮೂರು ಪಟ್ಟು ದಪ್ಪ ಗಾಳಿಯ ಮೂಲಕ ಅವರು ನೋಡಬೇಕು. ಹೊರದೇಶದವರು ಎಂಟಿಂಚಿಗೂ ಕಾಣದ್ದನ್ನು ಇಲ್ಲಿ ಆರಿಂಚು ತೋರಿಸುವ ರಾತ್ರಿಗಳು ಇರುವುದು ಇದರಿಂದಲೇ.

ಇದೇ ಅಕ್ಷಾಂಶ ಇನ್ನೊಂದು ಬಗೆಯ ಟೆಲಿಸ್ಕೋಪಿಗೆ ಕಂಟಕ. ಆಕಾಶದ ತಿರುಗಾಟವನ್ನು ಒಂದೇ ಅಕ್ಷದಲ್ಲಿ ಹಿಂಬಾಲಿಸುವ ಈಕ್ವಟೋರಿಯಲ್ ಸ್ಟ್ಯಾಂಡಿನ ಮುಖ್ಯ ಅಕ್ಷವನ್ನು ಧ್ರುವ ನಕ್ಷತ್ರದ ಕಡೆಗೆ, ಅಂದರೆ ಇಲ್ಲಿ ಬರೀ 14 ಡಿಗ್ರಿಗೆ ಬಗ್ಗಿಸಬೇಕು. ಕಡಿಮೆ ಬೆಲೆಯ ಎಷ್ಟೋ ಸ್ಟ್ಯಾಂಡುಗಳು ಅಷ್ಟು ಬಗ್ಗುವುದೇ ಇಲ್ಲ. ಬಗ್ಗಿದರೂ ತೂಕದ ಗುಂಡು ಹೋಗಿ ಸ್ಟ್ಯಾಂಡಿನ ಕಾಲಿಗೆ ತಾಗುತ್ತದೆ. ಎಡಬಲ–ಮೇಲೆಕೆಳಗೆ ಅಷ್ಟೇ ತಿರುಗುವ ಹೆರಿಟೇಜಿನ ಡಾಬ್ಸೋನಿಯನ್ ಪೀಠಕ್ಕೆ ಈ ತೊಂದರೆಯಿಲ್ಲ. ಈ ಪೀಠದ ಹೆಸರು ಬಂದದ್ದು ಜಾನ್ ಡಾಬ್ಸನ್ ಅವರಿಂದ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಆಶ್ರಮಗಳಲ್ಲಿ 1944ರಿಂದ 1967ರವರೆಗೆ ಸನ್ಯಾಸಿಯಾಗಿದ್ದವರು, ಗುಜರಿ ಸಾಮಾನಿನಲ್ಲಿ ಟೆಲಿಸ್ಕೋಪು ಕಟ್ಟಿ ಬೀದಿಯಲ್ಲಿ ಹೋಗುವವರಿಗೆಲ್ಲ ಚಂದ್ರನನ್ನು ತೋರಿಸಿದರು.

ಒಂದು ಬಗೆಯ ಸಾಮಾನನ್ನು ಮಾತ್ರ ಖಂಡಿತ ಕೊಳ್ಳಬೇಡಿ. 114 ಅಥವಾ 127 ಮಿ.ಮೀ. ಕನ್ನಡಿ, ಫೋಕಲ್ ಲೆಂತ್ 1000 ಮಿ.ಮೀ. ಎಂದು ಬರೆದಿದ್ದು ಕೊಳವೆಯ ಉದ್ದ ಅರ್ಧ ಮೀಟರಿನಷ್ಟೇ ಇದ್ದರೆ, ಫೋಕಸರಿನೊಳಗೆ (ಐಪೀಸು ಕೂರಿಸಿ ಚಿತ್ರವನ್ನು ಚೂಪು ಮಾಡುವ ಭಾಗ) ಒಂದು ಮಸೂರ ಕೂರಿಸಿ ಉದ್ದವನ್ನು ಹಿಗ್ಗಿಸಿದ್ದಾರೆ ಎಂದರ್ಥ. ಅದರ ಕನ್ನಡಿಗಳನ್ನು ಒಂದೇ ನೇರಕ್ಕೆ ತರುವುದು (ಕಾಲಿಮೇಷನ್) ಕಲಿಯುವವರಿಗೆ ಆಗದ ಮಾತು, ಗ್ರಹದ ಅಂಚು ಎಂದೂ ಚೂಪಾಗುವುದಿಲ್ಲ.

ಈಗ ಹೆರಿಟೇಜಿನ ಕೊರತೆಗಳು. ಮೊದಲನೆಯದು ಎತ್ತರ. ಇದು ಮೇಜಿನ ಮೇಲಿಡುವ ಟೆಲಿಸ್ಕೋಪು, ಮೇಜು ಮಾತ್ರ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಪ್ಲಾಸ್ಟಿಕ್ ಕುರ್ಚಿ, ಮಡಚುವ ಟೇಬಲ್ಲು ಬೇಡ, ಫೋಕಸ್ ತಿರುಗಿಸಿದಾಗಲೆಲ್ಲ ಗ್ರಹ ಮೂರು ಸೆಕೆಂಡು ನಡುಗುತ್ತದೆ. ಮೂರು ಕಾಲಿನ ಗಟ್ಟಿ ಮರದ ಸ್ಟೂಲನ್ನು ಬಡಗಿಯ ಹತ್ತಿರ ಮಾಡಿಸಿ. ಎತ್ತರ 50ರಿಂದ 60 ಸೆಂ.ಮೀ. ಇದ್ದರೆ ಇನ್ನೊಂದು ಸ್ಟೂಲಿನ ಮೇಲೆ ಕೂತು ನೋಡಲು ಸರಿಹೋಗುತ್ತದೆ. ಮೂರು ಕಾಲು ಎಂಥ ನೆಲದಲ್ಲೂ ಕುಂಟುವುದಿಲ್ಲ. ಅದೂ ಬೇಡವೆಂದರೆ ಸಿಮೆಂಟ್ ಇಟ್ಟಿಗೆಗಳನ್ನು ಜೋಡಿಸಿ ಮೇಲೊಂದು ಕಡಪ ಕಲ್ಲು ಹಾಕಿದರೆ ಸಾಕು. ನಿಂತು ನೋಡುವ ಕಣ್ಣಿಗಿಂತ ಕೂತು ನೋಡುವ ಕಣ್ಣಿಗೆ ಹೆಚ್ಚು ವಿವರ ಸಿಗುತ್ತದೆ. ಇದು ಗ್ರಹ ನೋಡುವ ಹಳಬರೆಲ್ಲ ಒಪ್ಪುವ ಮಾತು.

ಎರಡನೆಯದು ಬಯಲಾಗಿರುವ ಕೊಳವೆ. ಸರಳುಗಳ ನಡುವಿನ ಖಾಲಿ ಜಾಗದಿಂದ ಬೀದಿದೀಪದ ಬೆಳಕು ಒಳಗೆ ಬಿದ್ದು ಗ್ರಹದ ಪಟ್ಟೆಗಳು ಮಾಸುತ್ತವೆ. ನೋಡುವವರ ಉಸಿರು, ಮೈಯ ಬಿಸಿ ಕೂಡ ಅಲ್ಲಿಂದಲೇ ಒಳಹೋಗಿ ಚಿತ್ರವನ್ನು ಕುದಿಸುತ್ತದೆ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ 2 ಮಿ.ಮೀ. ಕಪ್ಪು ಫೋಮ್ ಶೀಟನ್ನು ಸುತ್ತಿ ವೆಲ್‌ಕ್ರೋ ಹಾಕಿದರೆ ಎರಡೂ ನಿಲ್ಲುತ್ತವೆ. ದಾರದಲ್ಲಿ ಕೊಳವೆಯ ಸುತ್ತಳತೆ ಹಿಡಿದು ಅದಕ್ಕೆ 4 ಸೆಂ.ಮೀ. ಸೇರಿಸಿ ಕತ್ತರಿಸಿ. ಹಾಳೆ ಒಳಕ್ಕೆ ಜೋತು ಬೆಳಕಿನ ದಾರಿಗೆ ಅಡ್ಡ ಬರಬಾರದು, ಅದಕ್ಕೇ ಬಟ್ಟೆಗಿಂತ ಫೋಮ್ ಮೇಲು. ಫೋಕಸರಿನ ಎದುರಿನ ಗೋಡೆಯನ್ನು ಇನ್ನೂ ಒಂದು ಗೇಣು ಎತ್ತರಿಸಿದರೆ ದೀಪದ ಬೆಳಕು ನೇರವಾಗಿ ಐಪೀಸಿಗೆ ಬೀಳುವುದೂ ತಪ್ಪುತ್ತದೆ.

ಮೂರನೆಯದು ಫೋಕಸರ್. ಬಾಟಲಿ ಮುಚ್ಚಳದ ಹಾಗೆ ತಿರುಪಿನ ಮೇಲೆ ಮೇಲೆಕೆಳಗೆ ಹೋಗುವ ಇದರಲ್ಲಿ ಸಡಿಲವಿದೆ. ತಿರುಗಿಸುವಾಗ ಗ್ರಹ ಆಚೀಚೆ ಓಡುತ್ತದೆ. ನಲ್ಲಿ ಕೆಲಸದವರು ಬಳಸುವ ಬಿಳಿ ಟೆಫ್ಲಾನ್ ಟೇಪನ್ನು ತಿರುಪಿನ ಹಲ್ಲುಗಳ ಮೇಲೆ ನಾಲ್ಕೈದು ಸುತ್ತು, ತಿರುಪು ಬಿಗಿಯಾಗುವ ದಿಕ್ಕಿಗೇ ಸುತ್ತಿ. ತೀರಾ ಬಿಗಿಯಾದರೆ ಒಂದು ಸುತ್ತು ಬಿಚ್ಚಿ. ಹತ್ತು ರೂಪಾಯಿಯ ಆಸುಪಾಸಿನ ಕೆಲಸ, ಗುಣ ಮಾತ್ರ ದೊಡ್ಡದು.

ನಾಲ್ಕನೆಯದು ಕಾಲಿಮೇಷನ್, ಅಂದರೆ ತಳದ ದೊಡ್ಡ ಕನ್ನಡಿ, ಮೇಲಿನ ಸಣ್ಣ ಓರೆ ಕನ್ನಡಿ ಎರಡನ್ನೂ ಒಂದೇ ನೇರಕ್ಕೆ ತರುವುದು. ಗ್ರಹ ಚೆನ್ನಾಗಿ ಕಾಣುವುದು ಬಿಡುವುದು ಬಹುಪಾಲು ಇದರ ಮೇಲೆ. ಎಫ್ 5 ಕನ್ನಡಿಯಲ್ಲಿ ಪೂರ್ತಿ ಚೂಪಾದ ಚಿತ್ರ ಬೀಳುವ ಜಾಗದ ಅಗಲ ಸುಮಾರು 2.8 ಮಿ.ಮೀ. ಮಾತ್ರ. ಅದೇ ಎಫ್ 8 ಆಗಿದ್ದರೆ 11 ಮಿ.ಮೀ. ಕನ್ನಡಿ ಕೊಂಚ ವಾರೆಯಾದರೂ ಗ್ರಹ ಆ 2.8ರ ಹೊರಗೆ ಬಿದ್ದು, ಒಂದು ಕಡೆಗೆ ಬಾಲ ಬಂದಂತೆ ಹರಡುತ್ತದೆ. ಕೊರಿಯರಿನಲ್ಲಿ ಬಂದ ಪ್ರತಿಯೊಂದು ಟೆಲಿಸ್ಕೋಪೂ ವಾರೆಯಾಗಿಯೇ ಬಂದಿದೆ ಎಂದುಕೊಂಡು ಶುರುಮಾಡಿ. ಮೇಲ್ಭಾಗವನ್ನು ಎಳೆದು ಮಡಚುವಾಗಲೂ ಸ್ವಲ್ಪ ಜರುಗುವುದರಿಂದ ಪ್ರತಿ ರಾತ್ರಿ ಒಮ್ಮೆ ನೋಡಿಕೊಳ್ಳಬೇಕು. ಕೈ ಕುದುರಿದ ಮೇಲೆ ಎರಡು ನಿಮಿಷದ ಕೆಲಸ.

ಫೋಕಸರಿನ ಪ್ಲಾಸ್ಟಿಕ್ ಮುಚ್ಚಳದ ನಟ್ಟನಡುವೆ 2 ಮಿ.ಮೀ. ತೂತು ಕೊರೆದುಕೊಳ್ಳಿ. ಹಗಲಲ್ಲಿ ಕೊಳವೆಯನ್ನು ಬಿಳಿ ಗೋಡೆಗೆ ತಿರುಗಿಸಿ ಆ ತೂತಿನಲ್ಲಿ ನೋಡಿದರೆ ಮೊದಲು ಕಾಣುವುದು ಸಣ್ಣ ಓರೆ ಕನ್ನಡಿ, ಅದರೊಳಗೆ ದೊಡ್ಡ ಕನ್ನಡಿಯ ಪ್ರತಿಬಿಂಬ, ಅದರ ನಡುವೆ ಉಂಗುರದ ಗುರುತು. ಮೊದಲು ಓರೆ ಕನ್ನಡಿಯ ಹಿಂದಿನ ಮೂರು ಸಣ್ಣ ಸ್ಕ್ರೂಗಳನ್ನು ಅಲೆನ್ ಕೀಯಲ್ಲಿ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುತ್ತಾ ದೊಡ್ಡ ಕನ್ನಡಿಯ ಪೂರ್ತಿ ವೃತ್ತ ಒಳಗೆ ಕೂರುವಂತೆ ಮಾಡಿ. ಒಂದನ್ನು ಸಡಿಲಿಸಿದರೆ ಉಳಿದೆರಡನ್ನು ಅಷ್ಟೇ ಬಿಗಿಯಬೇಕು, ಮೂರನ್ನೂ ಒಟ್ಟಿಗೆ ಸಡಿಲಿಸಿದರೆ ಕನ್ನಡಿ ಗಿರ್ರನೆ ತಿರುಗಿಬಿಡುತ್ತದೆ. ಈ ಕೆಲಸ ಮಾಡುವಾಗ ಕೊಳವೆ ಅಡ್ಡಲಾಗಿಯೇ ಇರಲಿ. ನೆಟ್ಟಗಿದ್ದು ಅಲೆನ್ ಕೀ ಕೈಜಾರಿದರೆ ನೇರ ದೊಡ್ಡ ಕನ್ನಡಿಯ ಮೇಲೆ ಬೀಳುತ್ತದೆ. ಆಮೇಲೆ ಹಿಂಬದಿಗೆ ಬಂದು ಬಿಗಿ ಸ್ಕ್ರೂ ಸಡಿಲಿಸಿ, ಹೊಂದಿಕೆ ಸ್ಕ್ರೂಗಳಿಂದ ತೂತಿನ ಕಪ್ಪು ಪ್ರತಿಬಿಂಬವನ್ನು ಉಂಗುರದ ನಡುವಿಗೆ ತನ್ನಿ.

ಲೇಸರ್ ಕಾಲಿಮೇಟರ್ ಕೊಳ್ಳುವ ಮೊದಲು ಯೋಚಿಸಿ. ಅಗ್ಗದವು ತಾವೇ ವಾರೆಯಾಗಿರುತ್ತವೆ. ಹಲಗೆಗೆ ನಾಲ್ಕು ಮೊಳೆ ಹೊಡೆದು, ಎರಡೆರಡರ ನಡುವೆ ಲೇಸರನ್ನು ಮಲಗಿಸಿ, ಐದು ಮೀಟರ್ ದೂರದ ಗೋಡೆಗೆ ಬಿಟ್ಟು ಉರುಳಿಸಿ. ಚುಕ್ಕೆ ಒಂದೇ ಕಡೆ ನಿಲ್ಲದೆ ವೃತ್ತ ಬರೆದರೆ ಅದು ಕೆಲಸಕ್ಕೆ ಬಾರದು. ಸಡಿಲ ಫೋಕಸರಿನಲ್ಲಿ ಒಳ್ಳೆಯ ಲೇಸರೂ ತಪ್ಪು ತೋರಿಸುತ್ತದೆ. ತೂತಿನ ಮುಚ್ಚಳವೇ ಮೇಲು.

ಕೊನೆಯ ಪರೀಕ್ಷೆ ನಕ್ಷತ್ರದ ಮೇಲೆ. 150 ಪಟ್ಟಿನಲ್ಲಿ ಒಂದು ನಕ್ಷತ್ರವನ್ನು ನಡುವಿಗೆ ತಂದು ಫೋಕಸ್ ಸ್ವಲ್ಪ ತಪ್ಪಿಸಿದರೆ ಒಂದರೊಳಗೊಂದು ಬಳೆಗಳು ಕಾಣುತ್ತವೆ. ಎಲ್ಲಕ್ಕೂ ಒಂದೇ ನಡುವಿರಬೇಕು. ಇದಕ್ಕೆ ಧ್ರುವ ನಕ್ಷತ್ರ ಬಳಸಿ, ಅದು ಕದಲುವುದಿಲ್ಲ ಎನ್ನುವ ಸಲಹೆ ಹೊರದೇಶದವರಿಗೆ ಸರಿ. ಇಲ್ಲಿ ಅದು 14 ಡಿಗ್ರಿ ಎತ್ತರದಲ್ಲಿ ಧೂಳಿನೊಳಗೆ ಕುದಿಯುತ್ತಿರುತ್ತದೆ. 60 ಡಿಗ್ರಿಗಿಂತ ಮೇಲಿರುವ ಯಾವುದಾದರೂ ಮಧ್ಯಮ ಹೊಳಪಿನ ನಕ್ಷತ್ರ ಹಿಡಿದು, ಆಗಾಗ ನಡುವಿಗೆ ತಳ್ಳುತ್ತಾ ನೋಡಿ.

ಇನ್ನು ಬಿಸಿ. ಮನೆಯೊಳಗಿಂದ ತಂದ ಕನ್ನಡಿ ಹೊರಗಿನ ಗಾಳಿಯಷ್ಟು ತಣ್ಣಗಾಗಲು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು, ಅಲ್ಲಿಯವರೆಗೆ ಚಿತ್ರ ನೀರಿನ ತಳದಲ್ಲಿದ್ದಂತೆ ಅಲುಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಇದಕ್ಕಿಂತ ದೊಡ್ಡ ಶತ್ರು ಮಾಳಿಗೆಯ ಕಾಂಕ್ರೀಟು. ಹಗಲೆಲ್ಲ ಹೀರಿದ ಕಾವನ್ನು ಅದು ನಡುರಾತ್ರಿಯವರೆಗೂ ಬಿಡುತ್ತಿರುತ್ತದೆ. ಸಂಜೆಯೇ ಮಾಳಿಗೆಗೆ ನೀರು ಹಾಕಿದರೆ ಸ್ವಲ್ಪ ತಗ್ಗುತ್ತದೆ. ಮಣ್ಣಿನ ಅಂಗಳ ಅಥವಾ ಹುಲ್ಲು ಇದ್ದರೆ ಮಾಳಿಗೆ ಹತ್ತಲೇಬೇಡಿ. ದುರ್ಗದಲ್ಲಿ ಬಂಡೆಗಳದ್ದೂ ಇದೇ ಕಥೆ: ಕೋಟೆ ಬೆಟ್ಟದ ನೆತ್ತಿಗೆ ಹತ್ತಿರದಲ್ಲಿರುವ ಗ್ರಹವನ್ನು ಮುಸ್ಸಂಜೆ ನೋಡಿದರೆ ಏನೂ ಸಿಗದು, ಬೆಳಗಿನ ಜಾವ ನಾಲ್ಕಕ್ಕೆ ನೋಡಿದರೆ ಅದೇ ಟೆಲಿಸ್ಕೋಪು ಬೇರೆಯದೇ ಸಾಮಾನಿನಂತೆ ಕೆಲಸ ಮಾಡುತ್ತದೆ. ಆಷಾಢದ ಗಾಳಿಯಲ್ಲಂತೂ ಹೊರಗಿಡುವುದೇ ದಂಡ. ಜೋಗಿಮಟ್ಟಿಯ ಕಡೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಸ್ವಾತಿ ಮಳೆ ಮುಗಿದ ಮೇಲೆ, ನವೆಂಬರ್‌ನಿಂದ ಫೆಬ್ರವರಿಯವರೆಗೆ, ನಮ್ಮ ಸುಗ್ಗಿ. ಚಳ್ಳಕೆರೆ ಕಡೆ ಒಣ ಗಾಳಿ, ಇಬ್ಬನಿಯ ಕಾಟ ಕಡಿಮೆ. ದಾವಣಗೆರೆಯ ಸುತ್ತ ಭದ್ರಾ ನಾಲೆಯ ಗದ್ದೆಗಳಿರುವುದರಿಂದ ಡಿಸೆಂಬರಿನ ಜಾವಕ್ಕೆ ಐಪೀಸು ಮಂಜಾಗುತ್ತದೆ. ಬಳಸದ ಐಪೀಸನ್ನು ಜೇಬಿನಲ್ಲಿಟ್ಟುಕೊಳ್ಳಿ, ಒರೆಸಲು ಹೋಗಬೇಡಿ.

ಜೊತೆಗೆ ಬರುವ ಐಪೀಸುಗಳಲ್ಲಿ 25 ಪರವಾಗಿಲ್ಲ, 10 ಸಪ್ಪೆ. ಮೊದಲು ಕೊಳ್ಳಬೇಕಾದದ್ದು 66 ಡಿಗ್ರಿ ನೋಟದ 6 ಮಿ.ಮೀ. ಐಪೀಸು, ಅಂಗಡಿಗಳಲ್ಲಿ ಗೋಲ್ಡ್‌ಲೈನ್ ಎಂದು ಕರೆಯುವುದು. 125 ಪಟ್ಟು ಕೊಡುತ್ತದೆ. ಅಗಲ ನೋಟ ಯಾಕೆ ಮುಖ್ಯವೆಂದರೆ ಈ ಪೀಠಕ್ಕೆ ಮೋಟಾರಿಲ್ಲ, ಭೂಮಿ ತಿರುಗುವುದರಿಂದ ಗ್ರಹ ಜಾರುತ್ತಲೇ ಇರುತ್ತದೆ. ಈ 6 ಮಿ.ಮೀ.ನಲ್ಲಿ ಅಂಚಿನಿಂದ ಅಂಚಿಗೆ ಎರಡು ನಿಮಿಷ ಸಿಗುತ್ತದೆ. 150 ಪಟ್ಟಿನ ಸಾಧಾರಣ ಐಪೀಸಿನಲ್ಲಿ 80 ಸೆಕೆಂಡಿನ ಆಸುಪಾಸು. ಪೂರ್ವದ ಅಂಚಿಗೆ ಗ್ರಹವನ್ನು ತಂದು ಕೈಬಿಟ್ಟು, ಅಲುಗಾಟ ನಿಂತ ಮೇಲೆ ಅದು ನಡುವಿಗೆ ಬರುವುದನ್ನು ಕಾಯುವುದು ರೂಢಿಯಾಗಬೇಕು. ಪೀಠದ ನಡುವಿನ ಬೋಲ್ಟು ತೀರಾ ಬಿಗಿಯಾಗಿದ್ದರೆ ಗ್ರಹ ಜಿಗಿದು ಜಿಗಿದು ಹೋಗುತ್ತದೆ, ಅದನ್ನು ಸ್ವಲ್ಪ ಸಡಿಲಿಸಿ.

ನೆತ್ತಿಯ ನೇರದಲ್ಲಿ ಇಂಥ ಪೀಠಕ್ಕೆ ತೊಡಕಿದೆ: ಎಡಬಲ ತಿರುಗಿಸಿದರೂ ಕೊಳವೆ ಕದಲಬೇಕಾದ ಕಡೆ ಕದಲುವುದಿಲ್ಲ. ನಮ್ಮ ಅಕ್ಷಾಂಶದಲ್ಲಿ ಇದು ಆಗಾಗ ಎದುರಾಗುತ್ತದೆ. 2027ರ ಫೆಬ್ರವರಿ 10ರ ಸುಮಾರಿಗೆ ಗುರು, 19ಕ್ಕೆ ಮಂಗಳ ಸೂರ್ಯನಿಗೆ ಎದುರಾಗಿ ಬರುತ್ತವೆ, ಎರಡೂ ನಡುರಾತ್ರಿ ಹೆಚ್ಚುಕಡಿಮೆ ನಮ್ಮ ನೆತ್ತಿಯ ಮೇಲೇ ಇರುತ್ತವೆ. ಆಗ ನಡುರಾತ್ರಿಗೆ ಒಂದೂವರೆ ಗಂಟೆ ಮೊದಲು ಅಥವಾ ಆಮೇಲೆ ನೋಡುವುದು ಜಾಣತನ. ಗುರು ಸುಮಾರು 45 ಆರ್ಕ್‌ಸೆಕೆಂಡ್ ಇರುವುದರಿಂದ 40 ಪಟ್ಟಿಗೇ ಬರಿಗಣ್ಣಿನ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ. ಮಂಗಳ ಈ ಸಲ 14ರ ಒಳಗೇ ಇರುವುದರಿಂದ ಅದಕ್ಕೆ 130 ಪಟ್ಟು ಬೇಕು, 2018ರ ಜುಲೈನಲ್ಲಿ 24 ದಾಟಿದ್ದನ್ನು ಕಂಡವರು ಅಷ್ಟನ್ನು ನಿರೀಕ್ಷಿಸಬಾರದು. ಶನಿಯ ಬಳೆಗಳು 2025ರ ಮಾರ್ಚ್‌ನಲ್ಲಿ ನಮಗೆ ಅಂಚು ತೋರಿಸಿ ಗೆರೆಯಾಗಿದ್ದವು, ಅಲ್ಲಿಂದ ವರ್ಷವರ್ಷಕ್ಕೂ ತೆರೆದುಕೊಳ್ಳುತ್ತಿವೆ. ಬಳೆ ಚೆನ್ನಾಗಿ ತೆರೆದ ವರ್ಷಗಳಲ್ಲಿ ಕ್ಯಾಸಿನಿ ಸೀಳು (ಬಳೆಗಳ ನಡುವಿನ ಕಪ್ಪು ಸಂದು) ಈ ಕನ್ನಡಿಗೆ ಸುಲಭದ ತುತ್ತು.

ಚಂದ್ರನ ವಿಷಯಕ್ಕೆ ಬಂದರೆ, 0.77 ಆರ್ಕ್‌ಸೆಕೆಂಡ್ ಎಂದರೆ ಅಲ್ಲಿ ಸುಮಾರು 1.4 ಕಿ.ಮೀ. ವಿಕ್ರಂ ಲ್ಯಾಂಡರ್ ಕಾಣುತ್ತದೆಯೇ ಎಂದು ಕೇಳುವವರಿಗೆ ಉತ್ತರ ಇದೇ: ಕಾಣುವುದಿಲ್ಲ. ಅದು ಇಳಿದ ಸೀಮೆ ಮಾತ್ರ ಕಾಣುತ್ತದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದು ದಕ್ಷಿಣ ಅಕ್ಷಾಂಶ 69.4 ಡಿಗ್ರಿಯಲ್ಲಿ. ದಕ್ಷಿಣದ ಅಂಚಿನ ಹತ್ತಿರ ಮಾಂಝಿನಸ್, ಬೊಗುಸ್ಲಾವ್‌ಸ್ಕಿ ಎನ್ನುವ, ಒಂದೊಂದೂ ನೂರು ಕಿ.ಮೀ.ಗೆ ಹತ್ತಿರದ ಎರಡು ಕುಳಿಗಳನ್ನು ಗುರುತಿಸಿ, ಅವುಗಳ ನಡುವಿನ ನೆಲ ಅದು. ಶುಕ್ಲ ಪಕ್ಷದ ಷಷ್ಠಿ–ಸಪ್ತಮಿಯ ಹೊತ್ತಿಗೆ ನೆರಳು ಉದ್ದವಿದ್ದು ಹುಡುಕುವುದು ಸುಲಭ. ಚಂದ್ರಯಾನದ ಲ್ಯಾಂಡರಿನ ಸೆನ್ಸಾರುಗಳನ್ನು ಪರೀಕ್ಷಿಸಲು ಇಸ್ರೋ ಕೃತಕ ಕುಳಿಗಳನ್ನು ತೋಡಿದ್ದು ನಮ್ಮ ಚಳ್ಳಕೆರೆ ಹತ್ತಿರದ ಉಳ್ಳಾರ್ತಿ ಕಾವಲಿನಲ್ಲಿ. ದುರ್ಗ ಜಿಲ್ಲೆಯ ಯಾವ ಶಾಲೆಯೂ ಮಕ್ಕಳಿಗೆ ಈ ಜಾಗ ತೋರಿಸದೆ ಇರಬಾರದು.

ಟೆಲಿಸ್ಕೋಪಿನ ಜೊತೆ ಕೊಳ್ಳಲೇಬೇಕಾದ ಇನ್ನೊಂದು ಸಾಮಾನು ಗೆರೆಯಿಲ್ಲದ ಒಂದು ನೋಟ್‌ಬುಕ್ಕು. ಪ್ಲೂಟೊ ಕಂಡುಹಿಡಿದ ಅಮೆರಿಕದ ಕ್ಲೈಡ್ ಟಾಂಬೊ ಅವರ ಬದುಕು ಇದಕ್ಕೆ ದೊಡ್ಡ ಸಾಕ್ಷಿ. ಕ್ಯಾನ್ಸಸ್‌ನ ರೈತರ ಮಗ. ಆಲಿಕಲ್ಲು ಮಳೆಗೆ ಬೆಳೆ ಹಾಳಾಗಿ ಕಾಲೇಜಿಗೆ ಹೋಗಲಾಗಲಿಲ್ಲ. ಕನ್ನಡಿ ಪರೀಕ್ಷಿಸುವಾಗ ತಾಪ ಏರಿಳಿಯಬಾರದೆಂದು ನೆಲ ತೋಡಿ ಅದರೊಳಗೆ ಕೂತು ಕೆಲಸ ಮಾಡಿದರು. ಹಳೆಯ ಕಾರಿನ, ಹೊಲಮನೆಯ ಯಂತ್ರಗಳ ಬಿಡಿಭಾಗ ಹಾಕಿ 1928ರಲ್ಲಿ ಒಂಬತ್ತಿಂಚಿನ ಟೆಲಿಸ್ಕೋಪು ಕಟ್ಟಿದರು. ಅದರಲ್ಲಿ ನೋಡಿ ಬರೆದ ಗುರು, ಮಂಗಳಗಳ ಚಿತ್ರಗಳನ್ನು ಲೊವೆಲ್ ವೀಕ್ಷಣಾಲಯಕ್ಕೆ ಕಳಿಸಿದ್ದೇ ಅವರಿಗೆ ಕೆಲಸ ಕೊಡಿಸಿತು. 1930ರ ಫೆಬ್ರವರಿ 18ರಂದು, 24ನೆಯ ವಯಸ್ಸಿಗೆ, ಪ್ಲೂಟೊ ಕಂಡುಹಿಡಿದರು. ಪದವಿ ಓದಿದ್ದು ಅದರ ಆಮೇಲೆ. 1934ರಲ್ಲಿ ಪೆಟ್ರೀಶಿಯಾ ಎಡ್ಸನ್ ಅವರನ್ನು ಮದುವೆಯಾದರು, ಮುಂದೆ ನ್ಯೂ ಮೆಕ್ಸಿಕೊದಲ್ಲಿ ಪಾಠ ಹೇಳಿದರು. ಮುಪ್ಪಿನಲ್ಲೂ ಹಿತ್ತಲಲ್ಲಿ ಅದೇ ಒಂಬತ್ತಿಂಚಿನಲ್ಲಿ ನೋಡುವುದನ್ನು ಬಿಡಲಿಲ್ಲ. 2015ರ ಜುಲೈ 14ರಂದು ಪ್ಲೂಟೊ ಪಕ್ಕ ಹಾದುಹೋದ ನ್ಯೂ ಹೊರೈಜನ್ಸ್ ನೌಕೆಯಲ್ಲಿ ಅವರ ಚಿತಾಭಸ್ಮದ ಒಂದು ಚಿಟಿಕೆ ಇತ್ತು. ಅವರಿಗೆ ಬಾಗಿಲು ತೆರೆದದ್ದು ಪೆನ್ಸಿಲಿನ ಚಿತ್ರಗಳು.

ಚಿತ್ರ ಬರೆಯುವ ಕ್ರಮ ಹೀಗೆ. ಗುರು ಪೂರ್ತಿ ದುಂಡಗಿಲ್ಲ, 50 ಮಿ.ಮೀ. ಅಗಲಕ್ಕೆ 47 ಮಿ.ಮೀ. ಎತ್ತರದ ಚಪ್ಪಟೆ ವೃತ್ತಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. 9 ಗಂಟೆ 55 ನಿಮಿಷಕ್ಕೆ ಒಂದು ಸುತ್ತು ಬರುವುದರಿಂದ ಹತ್ತು ನಿಮಿಷಕ್ಕೆ ಆರು ಡಿಗ್ರಿ ತಿರುಗಿಬಿಡುತ್ತದೆ. ಹಾಗಾಗಿ ಮೊದಲು ಕೆಂಪು ಮಚ್ಚೆ, ಪಟ್ಟೆಗಳ ಗಂಟುಗಳ ಜಾಗ ಗುರುತಿಸಿ ಗಡಿಯಾರ ನೋಡಿ ಬರೆಯಿರಿ, ಬಣ್ಣದ ಛಾಯೆ ಆಮೇಲೆ. ನಮ್ಮ ಸಮಯದಿಂದ ಐದೂವರೆ ಗಂಟೆ ಕಳೆದು ಯುಟಿ ಸಮಯವನ್ನೂ (ಎಲ್ಲ ದೇಶದ ವೀಕ್ಷಕರು ಬಳಸುವ ಒಂದೇ ಸಮಯ) ಬರೆಯಿರಿ. ಪಕ್ಕದಲ್ಲಿ ಎಷ್ಟು ಪಟ್ಟು, ಗಾಳಿ ಎಷ್ಟು ಸ್ಥಿರ ಎನ್ನುವುದು ಇರಲಿ. ಇಷ್ಟಿದ್ದರೆ ಆ ಪುಟ ದಾಖಲೆ, ಹವ್ಯಾಸಿಗಳು ಕಂಡದ್ದಕ್ಕೂ ಬೆಲೆಯಿದೆ. 2009ರ ಜುಲೈ 19ರಂದು ಗುರುವಿಗೆ ಏನೋ ಬಡಿದು ಆದ ಕಪ್ಪು ಕಲೆಯನ್ನು ಮೊದಲು ಕಂಡು ಜಗತ್ತಿಗೆ ಹೇಳಿದವರು ಆಸ್ಟ್ರೇಲಿಯಾದ ಹವ್ಯಾಸಿ ಆಂಟನಿ ವೆಸ್ಲಿ.

ಜೋಪಾನದ ವಿಷಯ ಬೇಗ ಮುಗಿಸಬಹುದು. ಕೊಳವೆಯನ್ನು ಸೂರ್ಯನ ಕಡೆ ಎಂದೂ ತಿರುಗಿಸಬೇಡಿ, ಒಂದು ಕ್ಷಣಕ್ಕೆ ಕಣ್ಣು ಹೋಗುತ್ತದೆ. ಐಪೀಸಿಗೆ ಹಾಕುವ ಸಣ್ಣ ಸೂರ್ಯ ಫಿಲ್ಟರ್ ಕಾವಿಗೆ ಸೀಳುತ್ತದೆ, ಅಂಥದ್ದು ಸಿಕ್ಕರೆ ಒಡೆದು ಎಸೆಯಿರಿ. ಪೀಠ ಪಾರ್ಟಿಕಲ್ ಬೋರ್ಡಿನದು, ಕತ್ತರಿಸಿದ ಅಂಚಿಗೆ ನೀರು ತಾಗಿದರೆ ಉಬ್ಬುತ್ತದೆ, ಅಂಚಿಗೊಂದು ಕೋಟು ವಾರ್ನಿಶ್ ಹೊಡೆಯಿರಿ. ಮಳೆಗಾಲದಲ್ಲಿ ಐಪೀಸುಗಳನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡದಿದ್ದರೆ ಬೂಷ್ಟು ಹಿಡಿಯುತ್ತದೆ. ಫೈಂಡರನ್ನು ಆರಿಸುವುದು ಮರೆತು ಸಿಆರ್2032 ಬ್ಯಾಟರಿ ಸಾಯುವುದು ಎಲ್ಲರ ಮನೆಯಲ್ಲೂ ಆಗುವುದೇ, ಒಂದು ಹೆಚ್ಚಿಗೆ ಇಟ್ಟುಕೊಳ್ಳಿ.

ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಕಡೆ ಮನೆಯಿರುವವರು ಕನ್ನಡಿಯ ಮುಚ್ಚಳ ತೆರೆದಿಡಬಾರದು, ಹೊಗೆಯ ಜಿಡ್ಡು ಕೂತರೆ ಧೂಳಿನ ಹಾಗೆ ಊದಿದರೆ ಹೋಗುವುದಿಲ್ಲ. ಬರೀ ಧೂಳಿದ್ದರೆ ಎರಡು ಮೂರು ವರ್ಷ ಮುಟ್ಟಬೇಡಿ. ತೊಳೆಯಲೇಬೇಕಾದರೆ ಕನ್ನಡಿಯನ್ನು ಬಿಚ್ಚಿ, ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಸುರಿದು ಹರಳು ಧೂಳು ಹೋಗಿಸಿ, ಎರಡು ಹನಿ ಪಾತ್ರೆ ಸೋಪು ಬೆರೆಸಿದ ನೀರಿನಲ್ಲಿ ಹತ್ತು ನಿಮಿಷ ನೆನೆಸಿ. ಹತ್ತಿಯ ಉಂಡೆಯನ್ನು ಅದರದೇ ಭಾರದಲ್ಲಿ ಒಂದೇ ದಿಕ್ಕಿಗೆ ಎಳೆಯಿರಿ, ಒಂದು ಎಳೆತಕ್ಕೆ ಒಂದು ಉಂಡೆ. ಕೊನೆಗೆ ಮತ್ತೆ ಡಿಸ್ಟಿಲ್ಡ್ ವಾಟರ್ ಸುರಿದು ಓರೆಯಾಗಿ ನಿಲ್ಲಿಸಿ ಆರಲು ಬಿಡಿ. ಬೋರ್‌ವೆಲ್ ನೀರು ಬೇಡ, ನಮ್ಮ ಗಡಸು ನೀರು ಆರಿದ ಮೇಲೆ ಬಿಳಿ ಕಲೆ ಬಿಡುತ್ತದೆ.

ಜಾಗ ಇದ್ದವರಿಗೆ, ಎಲ್ಲಿಗೂ ಹೊತ್ತೊಯ್ಯದವರಿಗೆ ಇದೇ 150 ಮಿ.ಮೀ. ಕನ್ನಡಿಯ ಎಫ್ 8, 1200 ಮಿ.ಮೀ. ಡಾಬ್ಸೋನಿಯನ್ ಇನ್ನೂ ಮೇಲು: ನೆಲದ ಮೇಲೆ ನಿಲ್ಲುತ್ತದೆ, ಸ್ಟೂಲು ಬೇಡ, ಫೋಮ್ ಬೇಡ, ಕಾಲಿಮೇಷನ್ ಅಷ್ಟು ಕಾಡುವುದಿಲ್ಲ, 10 ಮಿ.ಮೀ. ಐಪೀಸಿಗೇ 120 ಪಟ್ಟು. ಬಸ್ಸಿನಲ್ಲಿ, ಬೈಕಿನ ಹಿಂದೆ ಊರಾಚೆಯ ಹೊಲಕ್ಕೆ ಒಯ್ಯಬೇಕೆನ್ನುವವರಿಗೆ ಮಡಚಿ ಚೀಲಕ್ಕೆ ಹಾಕುವ ಹೆರಿಟೇಜೇ ಸರಿ. ಎರಡೂ ಆಮದು ಸಾಮಾನು, ಬೆಲೆ ಏರಿಳಿಯುತ್ತಿರುತ್ತದೆ. ಎರಡು ಮೂರು ಕಡೆ ವಿಚಾರಿಸಿ, ಒಡೆದ ಕನ್ನಡಿಯನ್ನು ಬದಲಾಯಿಸಿ ಕೊಡುತ್ತಾರೆಯೇ ಎಂದು ಬರಹದಲ್ಲಿ ಕೇಳಿ, ಪೆಟ್ಟಿಗೆ ತೆರೆಯುವಾಗ ಪೂರ್ತಿ ವಿಡಿಯೋ ಮಾಡಿಕೊಳ್ಳಿ.